ಕಡಬದ ಮಹಡಿಯಲ್ಲಿ ದಾಳ ಹಂಚಿಕೊಂಡ ಮಳೆಗಾಲ

ಕಳೆದ ವಾರ ಪುತ್ತೂರಿನಲ್ಲಿ ಒಂದು ಪ್ರಮಾಣಪತ್ರಕ್ಕೆ ಲ್ಯಾಮಿನೇಶನ್ ಮಾಡಿಸಲು ಹೋಗಿದ್ದೆ. ಯಂತ್ರ ಬಿಸಿಯಾಗಿ ಪ್ಲಾಸ್ಟಿಕ್ ಹಾಳೆ ಕಾಗದಕ್ಕೆ ಅಂಟುವಾಗ ಒಂದು ವಾಸನೆ ಬರುತ್ತದೆ, ಸುಟ್ಟದ್ದಲ್ಲ, ಸುಡುವ ಸ್ವಲ್ಪ ಮೊದಲಿನದು. ಅಂಗಡಿಯವರು ಹಾಳೆಯನ್ನು ನನ್ನ ಕೈಗೆ ಕೊಟ್ಟಾಗ ಅದಿನ್ನೂ ಬೆಚ್ಚಗಿತ್ತು. ನನಗೆ ತಟ್ಟನೆ ಕಡಬದ ಭಾನುವಾರದ ಮಧ್ಯಾಹ್ನಗಳು ನೆನಪಾದವು. ಅಶ್ರಫ್ ಅವರ ಅಂಗಡಿಯ ಮಹಡಿ, ಅಲ್ಲಿನ ಉದ್ದ ಮೇಜು, ಮೇಜಿನ ಮೇಲೆ ಉರುಳುತ್ತಿದ್ದ ಇಪ್ಪತ್ತು ಮುಖದ ನೀಲಿ ದಾಳ.

ಆ ವರ್ಷ ನಾನು ಕಡಬದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರದ ಅತಿಥಿ ಉಪನ್ಯಾಸಕಿ. ಎಂ.ಎಸ್ಸಿ. ಮುಗಿಸಿ ಬಂದ ಮೊದಲ ಕೆಲಸ. ನಾನು ಬೇಗ ಬೆರೆಯುವವಳಲ್ಲ. ಪಾಠ ಮಾಡುವುದು, ಬಾಡಿಗೆ ಕೋಣೆಗೆ ಬರುವುದು, ಅಡುಗೆ ಮಾಡಿ ಓದುತ್ತಾ ಕೂರುವುದು, ಅಷ್ಟೇ ಆಗಿದ್ದರೂ ನನಗೆ ಕೊರತೆ ಅನಿಸುತ್ತಿರಲಿಲ್ಲ. ಆದರೆ ಪ್ರಶ್ನೆಪತ್ರಿಕೆಗಳ ಜೆರಾಕ್ಸ್‌ಗೆ ಅಶ್ರಫ್ ಅವರ ಅಂಗಡಿಗೆ ಹೋಗಲೇಬೇಕಿತ್ತು. ಅವರ ತಂಗಿ ಸಫಾ ಅಂತಿಮ ವರ್ಷದ ಬಿ.ಕಾಂ., ನನ್ನದೇ ವಿದ್ಯಾರ್ಥಿನಿ. ಒಂದು ದಿನ ಅವಳು ಕೌಂಟರಿನ ಆಚೆಯಿಂದ ಸಣ್ಣ ಚೀಲವೊಂದನ್ನು ನನ್ನ ಮುಂದೆ ಕೊಡವಿದಳು. ನಾಲ್ಕು ಮುಖ, ಎಂಟು ಮುಖ, ಹನ್ನೆರಡು ಮುಖ, ಇಪ್ಪತ್ತು ಮುಖ, ಎಲ್ಲ ಬಗೆಯ ದಾಳಗಳು.

"ಮೇಡಂ, ಇದರಲ್ಲಿ ಆಡುದು ಹೇಗೆ ಅಂತ ಗೊತ್ತುಂಟಾ? ವಿಡಿಯೋ ನೋಡಿ ತರಿಸಿದ್ದು. ತರಿಸಿದ ಮೇಲೆ ಎಂತ ಮಾಡುದು ಅಂತ ಗೊತ್ತಿಲ್ಲ."

ನನಗೆ ಗೊತ್ತಿತ್ತು. ಹಾಸ್ಟೆಲಿನಲ್ಲಿ ಎರಡು ವರ್ಷ ಆಡಿದ್ದೆ. ಅದು ಕೂತಲ್ಲಿಯೇ ಕಥೆ ಕಟ್ಟುವ ಆಟ. ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರವಾಗುತ್ತಾರೆ. ಇನ್ನೊಬ್ಬರು ಆಟ ನಡೆಸುತ್ತಾರೆ. ದಾರಿ, ಹೊಳೆ, ಕಳ್ಳರು, ರಾಜನ ಕಾವಲುಗಾರರು ಎಲ್ಲವೂ ಅವರ ಪಾಲಿಗೆ. ಗೋಡೆ ಹತ್ತುತ್ತೇನೆ ಎಂದು ಆಟಗಾರ ಹೇಳಿದರೆ ಹತ್ತಲು ಆಯಿತೋ ಬಿದ್ದನೋ ಎಂಬುದನ್ನು ದಾಳ ಹೇಳುತ್ತದೆ. ಹೆಚ್ಚು ಬಿದ್ದರೆ ಒಳ್ಳೆಯದು, ಕಡಿಮೆ ಬಿದ್ದರೆ ಕಷ್ಟ. ಹೀಗೆ ವಿವರಿಸಿದ್ದೇ ತಪ್ಪಾಯಿತು. ಮುಂದಿನ ಭಾನುವಾರವೇ ಆಟ ನಡೆಸುವ ಕೆಲಸ ನನಗೆ ಬಂತು.

ಆಡಲು ಮೂವರಿದ್ದರು. ಸಫಾ, ಅವಳನ್ನು ಕಾಯುವ ನೆವದಲ್ಲಿ ಕೂತು ಮೊದಲ ದಿನವೇ ಎಲ್ಲರಿಗಿಂತ ಹೆಚ್ಚು ಮುಳುಗಿದ ಅಶ್ರಫ್, ಮತ್ತು ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ತಾತ್ಕಾಲಿಕ ಸಹಾಯಕಿಯಾಗಿದ್ದ ಚಿತ್ರಾ. ಚಿತ್ರಾ ಪಂಜದ ಕಡೆಯವಳು. ಮನೆಮಾತು ಅರೆಭಾಷೆ, ಅಶ್ರಫ್ ಮನೆಯವರದು ಬ್ಯಾರಿ, ನನ್ನದು ತುಳು. ಆದ್ದರಿಂದ ಮೇಜಿನ ಭಾಷೆ ಕನ್ನಡವಾಯಿತು. ಅಶ್ರಫ್‌ಗೆ ಸಿಟ್ಟು ಬಂದಾಗ ಮಾತ್ರ ಬ್ಯಾರಿ.

ಆಟದ ಕಥೆಗೆ ನಾನು ಗುಂಡ್ಯದ ರಸ್ತೆ ಬದಿಯ ಹೋಟೆಲುಗಳನ್ನು ಕೆಲವು ನೂರು ವರ್ಷ ಹಿಂದಕ್ಕೆ ತಳ್ಳಿ, ಘಟ್ಟದ ಬುಡದಲ್ಲಿ ಒಂದು ಊರು ಮಾಡಿದೆ. ಅಶ್ರಫ್ ಅಲ್ಲಿ ಸುಳ್ಳೇ ಹೇಳುವ ಒಬ್ಬ ಮೆಣಸಿನ ವ್ಯಾಪಾರಿಯಾದರು. ಸಫಾ ಮದ್ದು ಕೊಡುವ ವೈದ್ಯೆ. ಚಿತ್ರಾ ನಾಗವೇಣಿ ಎಂಬ ಅಂಬಿಗಿತ್ತಿ. ನಾಗವೇಣಿಗೆ ಆಸ್ತಿ ಎಂದರೆ ಅಪ್ಪ ಬಿಟ್ಟುಹೋದ ಒಂದು ದೋಣಿ. ಅದರ ಎಡಬದಿಯಲ್ಲಿ ಮೂರು ಕಡೆ ತೇಪೆ ಹಾಕಿದೆ, ಮೂರನೆಯದು ನಾಗವೇಣಿಯೇ ಹಾಕಿದ್ದು, ಅದು ಮಾತ್ರ ಒಸರುತ್ತದೆ ಎಂದು ಚಿತ್ರಾ ಮೊದಲ ದಿನವೇ ಹೇಳಿದಳು. ಯಾರೂ ಕೇಳದೆ ಅವಳು ಹೇಳಿದ ಮೊದಲ ಮಾತು ಅದು.

ದಾಳಗಳು ಇದ್ದದ್ದು ಒಂದೇ ಸೆಟ್. ಮೊದಲ ವಾರಗಳಲ್ಲಿ ಎಲ್ಲ ದಾಳವನ್ನೂ ನಾನೇ ಹಾಕಿದೆ. ಎ-ಫೋರ್ ಕಾಗದದ ರಟ್ಟಿನ ಪೆಟ್ಟಿಗೆ ಕತ್ತರಿಸಿ ಒಂದು ಪರದೆ ಮಾಡಿ, ಅದರ ಹಿಂದೆ ಹಾಕಿ, ನೋಡಿ, ಆದದ್ದನ್ನು ಹೇಳುತ್ತಿದ್ದೆ. ಹಾಸ್ಟೆಲಿನಲ್ಲಿ ನಾವು ಹಾಗೆಯೇ ಮಾಡುತ್ತಿದ್ದೆವು. ಬಿದ್ದ ಸಂಖ್ಯೆಯನ್ನು ಒಮ್ಮೆಯೂ ಬದಲಿಸಲಿಲ್ಲ, ಆ ವಿಷಯದಲ್ಲಿ ನಾನು ಗಟ್ಟಿ. ಆದರೂ ಒಂದು ಭಾನುವಾರ, ದರೋಡೆಕೋರನ ಏಟಿಗೆ ವ್ಯಾಪಾರಿಯ ಕಾಲು ಮುರಿಯಿತು ಎಂದು ನಾನು ಹೇಳಿದಾಗ ಅಶ್ರಫ್ ಕುರ್ಚಿಗೆ ಒರಗಿ ಕೈಕಟ್ಟಿದರು.

"ಎಷ್ಟು ಬಿತ್ತು?"

"ಹದಿನೇಳು, ದರೋಡೆಕೋರನಿಗೆ."

"ನೀವು ಸುಳ್ಳು ಹೇಳಿದ್ದು ಅಂತಲ್ಲ. ಆದ್ರೆ ಮುರಿದದ್ದು ನನ್ನ ಕಾಲು ಮಾರಾಯ್ರೆ. ನಾನು ಇಲ್ಲಿ ಚಾ ಕುಡೀತಾ ಇದ್ದೇನೆ, ಅಲ್ಲಿ ರಟ್ಟಿನ ಹಿಂದೆ ಯಾರೋ ನನ್ನ ಕಾಲು ಮುರಿದಾಯ್ತು. ಇದೆಂತ ಆಟ?"

ಸಫಾ ಕೂಡಲೇ ಅಣ್ಣನ ಪಕ್ಷ ಸೇರಿದಳು. ಅದು ಅಪರೂಪ. "ಹೌದು ಮೇಡಂ. ನೀವೇ ಹಾಕುದು, ನೀವೇ ನೋಡುದು, ನೀವೇ ಹೇಳುದು. ನಾವು ಕ್ಲಾಸಲ್ಲಿ ಕೂತ ಹಾಗೆ ಆಗ್ತದೆ."

ಯೋಚಿಸದೆ ಉತ್ತರ ಕೊಡುವ ಅಭ್ಯಾಸ ನನಗಿಲ್ಲ. ವಾರವಿಡೀ ಅದನ್ನು ಮನಸ್ಸಿನಲ್ಲಿ ತಿರುಗಿಸಿದೆ. ದರೋಡೆಕೋರ ಹೊಡೆಯಲು ನಾನು ದಾಳ ಹಾಕುವುದೂ, ಅದೇ ಏಟಿನಿಂದ ತಪ್ಪಿಸಿಕೊಳ್ಳಲು ವ್ಯಾಪಾರಿ ದಾಳ ಹಾಕುವುದೂ, ಸರಿಯಾಗಿ ಹೊಂದಿಸಿದರೆ, ಲೆಕ್ಕದಲ್ಲಿ ಒಂದೇ. ಸಂಭವನೀಯತೆ ಕೂದಲಿನಷ್ಟೂ ಬದಲಾಗುವುದಿಲ್ಲ. ಅದನ್ನೇ ನಾನು ತರಗತಿಯಲ್ಲಿ ಕಲಿಸುವುದು. ಆದರೆ ಮೇಜಿನಲ್ಲಿ ಕೂತವರಿಗೆ ಅದು ಒಂದೇ ಅಲ್ಲ. ಒಂದರಲ್ಲಿ ನಿಮಗೆ ಏನೋ ಆಗುತ್ತದೆ. ಇನ್ನೊಂದರಲ್ಲಿ ನೀವು ತಪ್ಪಿಸಿಕೊಳ್ಳಲು ನೋಡಿ ಸೋಲುತ್ತೀರಿ.

ಮುಂದಿನ ಭಾನುವಾರ ಪರದೆಯನ್ನು ಮಡಚಿ ಬದಿಗಿಟ್ಟು ಇಪ್ಪತ್ತರ ದಾಳವನ್ನು ಮೇಜಿನ ನಡುವೆ ಇಟ್ಟೆ. "ಇನ್ನು ಎಲ್ಲ ನಿಮ್ಮದೇ. ನಿಮ್ಮ ಮೇಲೆ ಯಾರಾದರೂ ಕೈ ಎತ್ತಿದರೂ ನಾನು ಹಾಕುವುದಿಲ್ಲ. ತಪ್ಪಿಸಿಕೊಳ್ಳಲು ನೀವೇ ಹಾಕಬೇಕು."

ಅಶ್ರಫ್ ಅಂದು ನಾಲ್ಕು ಹಾಕಿ ಇನ್ನೊಂದು ಕಾಲನ್ನೂ ಮುರಿದುಕೊಂಡರು, ಮತ್ತು ಬಹಳ ಸಂತೋಷಪಟ್ಟರು.

ಆದರೆ 'ಎಲ್ಲ' ಎಂದದ್ದು ನಿಲ್ಲಲಿಲ್ಲ. ಅದೇ ದಿನ ಘಟ್ಟದ ಬುಡದ ಛತ್ರದವನೊಬ್ಬ, ಮೇಲಿನ ದಾರಿಯಲ್ಲಿ ಏನೂ ಅಪಾಯ ಇಲ್ಲ ಎಂದು ಹೇಳಿದ. ಅವನು ನಿಜ ಹೇಳುತ್ತಾನೋ ಇಲ್ಲವೋ ನೋಡಬೇಕು ಎಂದು ಅಶ್ರಫ್ ದಾಳ ಹಾಕಿದರು. ಮೂರು ಬಿತ್ತು.

"ನಿಜ ಹೇಳುವವನ ಹಾಗೆ ಕಾಣುತ್ತಾನೆ" ಎಂದೆ.

ಅಶ್ರಫ್ ಮೇಜು ಬಡಿದು ನಕ್ಕರು. "ಮೂರು ಬಿದ್ದದ್ದು ನಾನೇ ನೋಡಿದೆ ಅಲ್ವಾ! ಮೂರಕ್ಕೆ ಒಳ್ಳೆಯವನ ಹಾಗೆ ಕಂಡ್ರೆ ಇವ ಪಕ್ಕಾ ಕಳ್ಳ. ಬೇರೆ ದಾರಿಯಲ್ಲಿ ಹೋಗುವ."

ಅವರ ಊಹೆ ಸರಿಯಾಗಿತ್ತು, ಆದರೆ ವ್ಯಾಪಾರಿಗೆ ಗೊತ್ತಾಗಬಾರದ್ದು ಅಶ್ರಫ್‌ಗೆ ದಾಳದಿಂದ ಗೊತ್ತಾಗಿ ಆಟ ಹಾಳಾಯಿತು. ಹೀಗೆ ಒಂದೊಂದೇ ತೊಡಕು ಬಿಡಿಸಿ ಆ ಮಳೆಗಾಲದಲ್ಲಿ ನಾವು ಒಂದು ಕ್ರಮಕ್ಕೆ ಬಂದೆವು. ಪಾತ್ರ ತಾನು ಮಾಡುವುದು, ತನ್ನ ಮೈಮೇಲೆ ಬರುವುದು, ಎರಡೂ ಆಟಗಾರರ ದಾಳ. ಆ ಪಾತ್ರಕ್ಕೆ ಗೊತ್ತಾಗಲು ಸಾಧ್ಯವೇ ಇಲ್ಲದ್ದು ಮಾತ್ರ ನನ್ನದು: ಎದುರಿನವನ ಮನಸ್ಸು, ಬಾಗಿಲ ಆಚೆ ಇರುವುದು, ನಾಳಿನ ಹವೆ. ಈಗಲೂ ಪುತ್ತೂರಿನಲ್ಲಿ ಗೆಳತಿಯರೊಂದಿಗೆ ಆಡುವಾಗ ನಾನು ಇದನ್ನೇ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯ ಹಂಚಿಕೆ ನನಗೆ ಇನ್ನೂ ಸಿಕ್ಕಿಲ್ಲ.

ಚಿತ್ರಾಳ ವಿಷಯದಲ್ಲಿ ಮಾತ್ರ ಈ ಕ್ರಮ ನಡೆಯಲಿಲ್ಲ. ಅವಳ ಸರದಿ ಬಂದಾಗಲೆಲ್ಲ ದಾಳವನ್ನು ಬೆರಳ ತುದಿಯಿಂದ ನನ್ನ ಕಡೆಗೆ ದೂಡುತ್ತಿದ್ದಳು.

"ನೀವೇ ಹಾಕಿ ಮೇಡಂ."

"ನಿಮ್ಮದಲ್ವಾ?"

"ನನ್ನ ಕೈಗುಣ ಸರಿ ಇಲ್ಲ. ನೀವೇ ಹಾಕಿ."

ಅಶ್ರಫ್‌ಗೆ ಇದು ತಮಾಷೆ ಎನಿಸಿತು. "ಹೌದಾ? ಹಾಗಾದ್ರೆ ಬೆಳಗ್ಗೆ ಅಂಗಡಿ ತೆಗೆಯುವಾಗ ನೀವು ಮಾತ್ರ ಬರ್ಬೇಡಿ ಆಯ್ತಾ. ನನ್ನ ಬೋಣಿ ಹಾಳಾಗ್ತದೆ."

ಚಿತ್ರಾ ನಕ್ಕಳು. ತುಟಿ ಮಾತ್ರ ನಕ್ಕಿತು. ಸಫಾ ಮೇಜಿನ ಕೆಳಗೆ ಅಣ್ಣನ ಕಾಲು ತುಳಿದದ್ದು ಅವರ ಮುಖದಲ್ಲಿ ಕಂಡಿತು.

ಅಂದು ಆಟ ಮುಗಿದ ಮೇಲೆ ಪಂಜದ ಬಸ್ಸಿಗಾಗಿ ಕಾಯುತ್ತಾ ಚಿತ್ರಾ ನನಗೆ ಹೇಳಿದಳು. ಕೇಳಿದ್ದಕ್ಕಲ್ಲ, ನಾನು ಕೇಳದೇ ಇದ್ದದ್ದಕ್ಕೆ ಹೇಳಿರಬೇಕು. ಚಿಕ್ಕಂದಿನಲ್ಲಿ ಅವಳು ಹಾಕಿದ ಮುಳ್ಳುಸೌತೆ ಬೀಜ ಮೊಳೆಯಲಿಲ್ಲ. ನೆಟ್ಟ ಕರಿಬೇವಿನ ಗಿಡ ಒಣಗಿತು. ಮಲ್ಲಿಗೆಯೂ ಹಾಗೆಯೇ. ಒಂದು ದಿನ ಅಜ್ಜಿ, ಈ ಕೂಸಿನ ಕೈಗುಣ ಆಗುದಿಲ್ಲ ಎಂದರು, ಅಲ್ಲಿಂದ ಅದು ಮನೆಯಲ್ಲಿ ಖಾಯಂ ಆಯಿತು. ಯಾರೂ ಬೈಯುತ್ತಿರಲಿಲ್ಲ. ಗಿಡ ನೆಡುವ ದಿನ ಪಕ್ಕದ ಮನೆಯ ಅತ್ತೆಯನ್ನು ಕರೆಯುತ್ತಿದ್ದರು, ಅಷ್ಟೇ. ಅವರ ಕೈ ಒಳ್ಳೆಯದಂತೆ. ಅಮ್ಮ ಪ್ರೀತಿಯಿಂದಲೇ ಹೇಳುತ್ತಿದ್ದರು: "ನೀನು ನೀರು ಹಾಕು ಮಗ, ನೆಡುದು ಬೇಡ."

"ಈಗ ತೊಂದರೆ ಎಂತ ಅಂದ್ರೆ," ಎಂದು ಚಿತ್ರಾ ಬಸ್ಸು ಬರುವ ದಿಕ್ಕಿಗೆ ನೋಡುತ್ತಾ ಹೇಳಿದಳು, "ನಾನು ಕಸಿ ಕಟ್ಟುದು ಕಲ್ತಿದ್ದೇನೆ."

ಹಿಪ್ಪಲಿ ಗಿಡಕ್ಕೆ ಕಾಳುಮೆಣಸಿನ ಬಳ್ಳಿ ಕಸಿ ಕಟ್ಟುವ ತರಬೇತಿಗೆ ಅವಳು ರಜೆಯಲ್ಲಿ ಮನೆಯಲ್ಲಿ ಹೇಳದೆ ಹೋಗಿದ್ದಳು. ಪೆರಾಬೆಯಲ್ಲಿ ನರ್ಸರಿ ನಡೆಸುವ ವಸಂತಕ್ಕ ಎಂಬವರು ಅಲ್ಲಿ ಅವಳ ಕೆಲಸ ನೋಡಿ, ಮಳೆ ಮುಗಿಯುವ ಮೊದಲು ಬಾ, ಜನ ಬೇಕು ಎಂದಿದ್ದರು. ಲೈಬ್ರರಿಯ ಕೆಲಸ ಆ ವರ್ಷಕ್ಕೆ ಮುಗಿಯುವುದು ಖಚಿತವಾಗಿತ್ತು. ಕೊನೆಗೂ ಅಮ್ಮನಿಗೆ ಹೇಳಿದಾಗ ಅಮ್ಮ ಹೆದರಿದರು. ನಮ್ಮ ಮನೆಯದ್ದಾದರೆ ಒಂದು ಗಿಡ ಹೋಯಿತು ಎಂದು ಬಿಡಬಹುದು, ಬೇರೆಯವರ ಗಿಡ ಸತ್ತರೆ ನಿನ್ನ ಹೆಸರು ಊರಿಡೀ ಹಾಳಾಗುತ್ತದೆ ಎಂದರು.

"ನೀವು ಎಂತ ಹೇಳಿದಿರಿ?"

"ಎಂತ ಹೇಳುದು? ನನಗೂ ಹೆದರಿಕೆಯೇ. ಚಾಕು ಹಿಡಿದಾಗ ಇಲ್ಲ, ಕಟ್ಟಿದ ಮೇಲೆ."

ಆಗ ನಾನು ಅವಳಿಗೆ ಯಾದೃಚ್ಛಿಕತೆಯ ಬಗ್ಗೆ ಪಾಠ ಮಾಡಬಹುದಿತ್ತು. ಮಾಡಲಿಲ್ಲ. ಮೂರು ಗಿಡ ಸತ್ತದ್ದಕ್ಕೆ ಕಾರಣ ಹುಡುಕಬೇಕಾಗಿಲ್ಲ ಎಂದು ಹೇಳಿದರೆ ಅವಳಿಗೆ ಅರ್ಥವಾಗುತ್ತಿತ್ತು, ಹೆದರಿಕೆ ಹೋಗುತ್ತಿರಲಿಲ್ಲ. "ಆಯ್ತು, ನಿಮ್ಮ ದಾಳ ನಾನು ಹಾಕ್ತೇನೆ" ಎಂದಷ್ಟೇ ಹೇಳಿದೆ. ಅವಳು ಹಗುರಾದಂತೆ ಕಂಡಿತು. ಬಸ್ಸು ಬಂತು.

ಹಲವು ಭಾನುವಾರ ಹಾಗೆಯೇ ನಡೆಯಿತು. ಸಫಾ ಮತ್ತು ಅಶ್ರಫ್ ತಮ್ಮ ದಾಳ ತಾವು ಹಾಕುತ್ತಿದ್ದರು, ಜಗಳವಾಡುತ್ತಿದ್ದರು, ಕಡಿಮೆ ಬಿದ್ದಾಗ ದಾಳವನ್ನು ಊದಿ ಒರಸುತ್ತಿದ್ದರು. ಚಿತ್ರಾಳದನ್ನು ನಾನು ಎಲ್ಲರ ಎದುರೇ ಹಾಕುತ್ತಿದ್ದೆ. ನಾಗವೇಣಿಗೆ ಒಳ್ಳೆಯದೇ ಆಗುತ್ತಿತ್ತು. ಆದರೂ ಆಟ ಸಾಗಿದಂತೆ ಚಿತ್ರಾ ಮೇಜಿನಿಂದ ಸ್ವಲ್ಪ ಸ್ವಲ್ಪ ಹಿಂದೆ ಸರಿದು ಕೂರುತ್ತಿದ್ದುದನ್ನು ನಾನು ಗಮನಿಸಿದ್ದೆ.

ಆಮೇಲೆ ಹೊಳೆ ದಾಟುವ ದಿನ ಬಂತು. ಮೇಲೆ ಘಟ್ಟದಲ್ಲಿ ಮಳೆಯಾಗಿ ನೆರೆ ಬಂದಿದೆ, ಹಿಂದೆ ರಾಜನ ಆಳುಗಳು ಬರುತ್ತಿದ್ದಾರೆ. ದೋಣಿಯಲ್ಲಿ ಮೂವರೂ ಇದ್ದಾರೆ. ಹುಟ್ಟು ಹಾಕುವವಳು ನಾಗವೇಣಿ. ನಡುನೀರಿನಲ್ಲಿ ಒಂದು ಮರದ ದಿಮ್ಮಿ ತೇಲಿ ಬಂತು. ತಪ್ಪಿಸಲು ಹತ್ತು ಬೇಕು ಎಂದೆ. ಚಿತ್ರಾ ದಾಳವನ್ನು ನನ್ನ ಕಡೆ ದೂಡಿದಳು. ನಾನು ಹಾಕಿದೆ.

ಎರಡು.

ದಿಮ್ಮಿ ಎಡಬದಿಗೆ ಬಡಿಯಿತು, ತೇಪೆ ಹಾಕಿದ ಬದಿಗೇ. ದೋಣಿ ಸೀಳಿ ಹೋಯಿತು ಎಂದು ಹೇಳಲೇಬೇಕಿತ್ತು, ಹೇಳಿದೆ. ಸಫಾ ಬಾಯಿಗೆ ಕೈ ಇಟ್ಟುಕೊಂಡಳು. ಕೆಳಗೆ ಅಂಗಡಿಯಲ್ಲಿ ಕೆಲಸದ ಹುಡುಗ ಹಚ್ಚಿದ್ದ ಲ್ಯಾಮಿನೇಶನ್ ಯಂತ್ರ ಬಿಸಿಯಾಗುವ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು.

"ಅದು ನನ್ನ ದೋಣಿ" ಎಂದಳು ಚಿತ್ರಾ.

"ಹೌದು."

"ನೀವು ಯಾಕೆ ಹಾಕಿದ್ದು?"

ನನಗೆ ಉತ್ತರ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಆದರೆ ಅವಳ ಸ್ವರದಲ್ಲಿ ಅಷ್ಟು ಸಿಟ್ಟು ನಾನು ಹಿಂದೆ ಕೇಳಿರಲಿಲ್ಲ. "ಮುಳುಗುದಾದ್ರೆ ನನ್ನ ಕೈಯಲ್ಲಿ ಮುಳುಗ್ಬೇಕಿತ್ತು. ಅಪ್ಪನ ದೋಣಿ. ಹುಟ್ಟು ಹಿಡಿದದ್ದು ನಾನು. ನಾನು ಸುಮ್ನೆ ಕೂತು ನೋಡಿದೆ ಅಷ್ಟೇ."

ಅಶ್ರಫ್ ಮೆಲ್ಲಗೆ ಹೇಳಿದರು, "ಇನ್ನೊಮ್ಮೆ ಹಾಕುವ ಮಾರಾಯ್ರೆ. ಯಾರು ಕೇಳ್ತಾರೆ? ನಾವು ನಾಲ್ಕು ಜನ."

"ಇಲ್ಲ" ಎಂದೆ. ಬಿದ್ದದ್ದನ್ನು ಅಳಿಸುವುದು ನನ್ನಿಂದಾಗದು.

"ಬೇಡ" ಎಂದು ಚಿತ್ರಾಳೂ ಅದೇ ಹೊತ್ತಿಗೆ ಹೇಳಿದಳು. "ದೋಣಿ ಹೋಯ್ತು. ಈಗ ಎಂತ ಉಂಟು, ಅದು ಹೇಳಿ."

"ನೀವು ನೀರಿನಲ್ಲಿದ್ದೀರಿ. ವೈದ್ಯೆಗೆ ಈಜು ಬರುವುದಿಲ್ಲ. ಅವಳನ್ನು ಹಿಡಿದು ದಡ ಸೇರಲು ಹತ್ತು ಬೇಕು."

ಅವಳು ಕೈಚಾಚಿ ದಾಳ ತೆಗೆದುಕೊಂಡಳು. ಮುಷ್ಟಿಯಲ್ಲಿ ಎಷ್ಟು ಜೋರಾಗಿ ಕುಲುಕಿದಳೆಂದರೆ ಬಿಟ್ಟಾಗ ಅದು ಮೇಜಿನ ಆಚೆ ಹಾರಿ ನೆಲಕ್ಕೆ ಬಿದ್ದು ಕಾಗದದ ಕಟ್ಟುಗಳ ಸಂದಿಗೆ ಹೋಯಿತು. ನಾಲ್ವರೂ ಮಂಡಿಯೂರಿ ಹುಡುಕಿದೆವು. ಸಿಕ್ಕಿದಾಗ ಅದರಲ್ಲಿ ಹತ್ತೊಂಬತ್ತು ಇತ್ತು.

"ನೆಲದ್ದು ಲೆಕ್ಕ ಇಲ್ಲ" ಎಂದೆ.

"ಅಯ್ಯೋ ಮೇಡಂ!" ಎಂದಳು ಸಫಾ. "ನಾನು ಮುಳುಗ್ತಾ ಇದ್ದೇನೆ ಇಲ್ಲಿ!"

ಚಿತ್ರಾ ಮತ್ತೆ ಹಾಕಿದಳು. ಆರು. ನೀರು ಇಬ್ಬರನ್ನೂ ಎಳೆದುಕೊಂಡು ಹೋಯಿತು. ಮತ್ತೆ ಹಾಕಿದಳು. ಒಂಬತ್ತು. ಅಶ್ರಫ್ ತಲೆ ಮೇಲೆ ಕೈ ಹೊತ್ತು ಬ್ಯಾರಿಯಲ್ಲಿ ಏನೋ ಅಂದರು. ಮತ್ತೆ ಹಾಕಿದಳು. ಹದಿನಾಲ್ಕು. ಒಂದು ಬಂಡೆಯ ಅಂಚು ನಾಗವೇಣಿಯ ಕೈಗೆ ಸಿಕ್ಕಿತು. ವೈದ್ಯೆಯ ಜಡೆ ಅವಳ ಇನ್ನೊಂದು ಕೈಯಲ್ಲಿತ್ತು.

"ಆರು, ಒಂಬತ್ತು!" ಎಂದರು ಅಶ್ರಫ್. "ಇಷ್ಟು ಕೆಟ್ಟ ಕೈ ನಾನು ಎಲ್ಲೂ ನೋಡ್ಲಿಲ್ಲ."

"ನಿಮ್ಮ ಕಾಲು ಮುರಿದದ್ದು ಎಷ್ಟಕ್ಕೆ?" ಎಂದು ಕೇಳಿದಳು ಚಿತ್ರಾ. "ನಾಲ್ಕಕ್ಕೆ. ಸುಮ್ನೆ ಕೂತ್ಕೊಳ್ಳಿ. ನಿಮ್ಮನ್ನು ಎಳೆಯುದು ಇನ್ನೂ ಬಾಕಿ ಉಂಟು, ಹೆಚ್ಚು ಮಾತಾಡಿದ್ರೆ ಅಲ್ಲೇ ಬಿಟ್ಟು ಹೋಗ್ತೇನೆ."

ಸಫಾ ನಕ್ಕು ನಕ್ಕು ಮೇಜಿನ ಮೇಲೆ ತಲೆ ಇಟ್ಟಳು. ಮೂವರೂ ದಡ ಸೇರಿದರು, ದೋಣಿ ಇಲ್ಲದೆ. ಏಳುವ ಹೊತ್ತಿಗೆ ನಾನು ದಾಳಗಳನ್ನು ಚೀಲಕ್ಕೆ ತುಂಬುತ್ತಿದ್ದಾಗ ಚಿತ್ರಾ ಹೇಳಿದಳು, "ಇನ್ನು ನನ್ನದು ನೀವು ಹಾಕುದು ಬೇಡ." ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಸರಿಸಿದಳು. "ಶನಿವಾರ ಪೆರಾಬೆಗೆ ಹೋಗ್ತೇನೆ."

ಹೋದಳು. ಶನಿವಾರ ಮಧ್ಯಾಹ್ನ ಮತ್ತು ರಜೆಯ ದಿನಗಳಲ್ಲಿ ಕೆಲಸ. ವಸಂತಕ್ಕನ ನರ್ಸರಿಯಲ್ಲಿ ಒಂದು ಕ್ರಮ ಇತ್ತು. ಹೊಸಬರು ಕಟ್ಟಿದ ಕಸಿಗಳನ್ನು ಹಳಬರ ಸಾಲಿನ ನಡುವೆ ಬೆರೆಸಿ ಇಡುವುದು. ಯಾವುದು ಯಾರದ್ದೆಂದು ಗೊತ್ತಾಗುವುದಿಲ್ಲ, ಸತ್ತರೆ ಯಾರಿಗೂ ಬೇಸರ ಇಲ್ಲ. ಚಿತ್ರಾ ತನ್ನದನ್ನು ಬೇರೆ ಸಾಲಿನಲ್ಲಿ ಇಡಬೇಕೆಂದು ಕೇಳಿದಳಂತೆ. ವಸಂತಕ್ಕನಿಗೆ ಆಶ್ಚರ್ಯವಾಯಿತು, ಆದರೂ ನೆರಳಿನ ಮೂಲೆಯಲ್ಲಿ ಒಂದು ಸಾಲು ಬಿಟ್ಟುಕೊಟ್ಟರು.

ಕಸಿಗಳ ಮೇಲೆ ಹೊದಿಸಿದ ಪ್ಲಾಸ್ಟಿಕ್ ಚೀಲಗಳನ್ನು ತೆಗೆಯುವ ದಿನ ಅವಳು ನಮ್ಮನ್ನೂ ಬರಹೇಳಿದಳು. ಅಶ್ರಫ್ ಅವರ ಓಮ್ನಿಯಲ್ಲಿ ಹೋದೆವು. ಅಲ್ಲಿ ಇನ್ನೊಬ್ಬರು ನಮಗಿಂತ ಮೊದಲೇ ಬಂದು ಕೊಡೆ ಹಿಡಿದು ನಿಂತಿದ್ದರು. ಚಿತ್ರಾಳ ಅಮ್ಮ. ಅವರನ್ನು ಕರೆದದ್ದೂ ಅವಳೇ.

ಚಿತ್ರಾ ಸಾಲಿನ ಒಂದು ತುದಿಯಿಂದ ತೆಗೆಯುತ್ತಾ ಬಂದಳು. ಮೊದಲನೆಯದು ಕಪ್ಪಾಗಿ ಬಾಗಿತ್ತು. ಎರಡನೆಯದೂ. ಅಮ್ಮ ಕೊಡೆಯ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದರು. ಮೂರನೆಯದರಲ್ಲಿ ಬೆರಳ ಉಗುರಿನಷ್ಟು ಹಸಿರು ಇತ್ತು. ಆಮೇಲೆ ಒಂದು ಸತ್ತದ್ದು, ಎರಡು ಚಿಗುರಿದ್ದು, ಮತ್ತೆ ಸತ್ತದ್ದು. ಸಾಲು ಮುಗಿಯುವಾಗ ಬದುಕಿದ್ದವು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಸತ್ತವನ್ನು ಅವಳು ಹಿಂದೆ ಸರಿಸಿ ಅಡಗಿಸಲಿಲ್ಲ. ಎಲ್ಲವನ್ನೂ ಇದ್ದ ಜಾಗದಲ್ಲೇ ಬಿಟ್ಟಳು.

"ಹೊಸಬರಿಗೆ ಇಷ್ಟು ಬಂದ್ರೆ ಸಾಕು" ಎಂದು ವಸಂತಕ್ಕ ಅಮ್ಮನ ಕಡೆ ತಿರುಗಿ ಹೇಳಿದರು. "ಆ ಸತ್ತದ್ದರಲ್ಲಿ ಕೆಲವು ಬೇರೆಯವರು ಕಟ್ಟಿದ್ದೂ ಇರ್ಬಹುದು ಅಕ್ಕ." ಸಮಾಧಾನಕ್ಕೆ ಹೇಳಿದ್ದೆಂದು ಎಲ್ಲರಿಗೂ ಗೊತ್ತಿತ್ತು.

"ಇಲ್ಲ," ಎಂದಳು ಚಿತ್ರಾ. "ಸತ್ತದ್ದೂ ನಾನೇ ಕಟ್ಟಿದ್ದು."

ಅಮ್ಮ ಮಗಳನ್ನು ನೋಡಿದರು, ಸಾಲನ್ನು ನೋಡಿದರು. ಅರೆಭಾಷೆಯಲ್ಲಿ ಏನೋ ಕೇಳಿದರು. ಚಿತ್ರಾ ಉತ್ತರಿಸುತ್ತಲೇ ಸ್ಟೂಲಿನ ಮೇಲೆ ಕೂತು ಮುಂದಿನ ಹಿಪ್ಪಲಿ ಗಿಡವನ್ನು ಎಳೆದುಕೊಂಡು ಚಾಕು ಕೈಗೆತ್ತಿಕೊಂಡಳು. ಆಮೇಲೆ ಅಮ್ಮ ಕೊಡೆ ಮಡಚಿ ಕಂಬಕ್ಕೆ ಒರಗಿಸಿ, ಸೀರೆ ಎತ್ತಿ ಕಟ್ಟಿ, ಮಗಳ ಬಳಿ ಕುಕ್ಕರಗಾಲಲ್ಲಿ ಕೂತರು. ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಮೆಣಸಿನ ಬಳ್ಳಿಯ ತುಂಡುಗಳಿಂದ ಗಟ್ಟಿಯಾದ ಒಂದನ್ನು ಆರಿಸಿ ಅವಳ ಕೈಗೆ ಕೊಟ್ಟರು.